ಕ್ಯಾಜುವಲ್ಟಿ ಇನ್‌ಚಾರ್ಜ್ ಆದವರಿಗೆ: ಮೊದಲು ಡ್ಯೂಟಿ ಚಾರ್ಟ್ ತೆಗೆಯಿರಿ

ಹೊಸದಾಗಿ ಇನ್‌ಚಾರ್ಜ್ ಆದ ಸಿಸ್ಟರ್‌ಗಳು ನನ್ನ ಹತ್ತಿರ ಕೇಳುವುದು ಹೆಚ್ಚಾಗಿ ಇದನ್ನೇ. "ಅಕ್ಕಾ, ಕೋವಿಡ್ ತರಹದ್ದು ಮತ್ತೆ ಬಂದರೆ, ಹುಡುಗಿಯರು ಅಳೋಕೆ ಶುರು ಮಾಡಿದರೆ ಏನು ಹೇಳಬೇಕು?" ಏನೂ ಹೇಳಬೇಡಿ. ಡ್ಯೂಟಿ ಚಾರ್ಟ್ ತೆಗೆಯಿರಿ.

ನಾನು ನಮ್ಮ ಕರಾವಳಿಯ ಒಂದು ಆಸ್ಪತ್ರೆಯ ಕ್ಯಾಜುವಲ್ಟಿಯಲ್ಲಿದ್ದವಳು. 2020ರ ಮಾರ್ಚ್‌ನಲ್ಲಿ ಭಟ್ಕಳದ ಮೊದಲ ರೋಗಿಗಳನ್ನು ಕಾರವಾರದ ನೌಕಾಪಡೆಯ ಪತಂಜಲಿ ಆಸ್ಪತ್ರೆಗೆ ಸೇರಿಸಿದರಲ್ಲ, ಆಗ ನಮಗೆ ಹೆದರಿಕೆ ಜಾಸ್ತಿ, ಕೆಲಸ ಕಡಿಮೆ. 2021ರ ಮೇ ತಿಂಗಳಲ್ಲಿ ಉಲ್ಟಾ ಆಯಿತು. ಹೆದರಿಕೆ ಸತ್ತುಹೋಗಿತ್ತು, ಕೆಲಸ ಮುಗಿಯುತ್ತಿರಲಿಲ್ಲ. ಅದರ ನಡುವೆ ತೌಕ್ತೆ ಚಂಡಮಾರುತ ಬೇರೆ. ಮನೆ ಹೆಂಚು ಹಾರಿಹೋದವರೂ ಮರುದಿನ ಡ್ಯೂಟಿಗೆ ಬಂದರು. ನಮ್ಮನ್ನು ಹಣ್ಣುಗಾಯಿ ನೀರುಗಾಯಿ ಮಾಡಿದ್ದು ಈ ಎರಡನೇ ಅಲೆಯೇ.

ಆಗ ಎಲ್ಲ ಕಡೆಯಿಂದ ಬಂದ ಸಲಹೆ ಧ್ಯಾನ, ಪ್ರಾಣಾಯಾಮ. ಅವೆರಡರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಆರು ನೈಟ್ ಸತತ ಮಾಡಿದವಳಿಗೆ ಉಸಿರು ಎಳೆದು ಬಿಡು ಅಂದರೆ ಅವಳು ಅಲ್ಲೇ ನಿದ್ದೆ ಹೋಗುತ್ತಾಳೆ, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು, ಅಂದರೆ ಕೆಲಸದಿಂದ ಬಳಲಿ ಬರಿದಾಗುವುದನ್ನು, ತನ್ನ ರೋಗ ವರ್ಗೀಕರಣದ ಪಟ್ಟಿಗೆ ಸೇರಿಸಿದಾಗ ಅದನ್ನು ಕಾಯಿಲೆ ಅನ್ನಲಿಲ್ಲ. ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬಿಟ್ಟರೆ ಬರುವಂಥದ್ದು ಅಂದಿತು. ಅಂದರೆ ರಿಪೇರಿ ಆಗಬೇಕಾದ್ದು ಮೊದಲು ಕೆಲಸದ ಜಾಗ.

ಚಾರ್ಟ್ ಬರೆಯುವುದು

ಪಾಳಿ ಮುಂದಕ್ಕೆ ಹೋಗಲಿ: ಬೆಳಿಗ್ಗೆ, ಮಧ್ಯಾಹ್ನ, ಆಮೇಲೆ ನೈಟ್. ಹಿಂದಕ್ಕೆ ತಿರುಗಿಸಿದರೆ ಮೈ ಒಗ್ಗುವುದಿಲ್ಲ. ನೈಟ್ ಎರಡು ಅಥವಾ ಮೂರು, ಅದಕ್ಕಿಂತ ಜಾಸ್ತಿ ಸತತವಾಗಿ ಬೇಡ. ಹೊಸ ಹುಡುಗಿಯರಿಬ್ಬರನ್ನೇ ಒಂದು ನೈಟ್‌ಗೆ ಹಾಕಬೇಡಿ. ಒಬ್ಬಳು ಹಳಬಳು ಇರಲೇಬೇಕು.

ನೈಟ್‌ನಲ್ಲಿ ಎರಡರಿಂದ ನಾಲ್ಕರ ಒಳಗೆ ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ ಮಲಗಲು ಬಿಡಿ. ಕದ್ದುಮುಚ್ಚಿ ಅಲ್ಲ, ಚಾರ್ಟ್‌ನಲ್ಲೇ ಹೆಸರು, ಸಮಯ ಬರೆದು. ಅರ್ಧ ತಾಸು ದಾಟಿದರೆ ಎದ್ದ ಮೇಲೆ ತಲೆ ಮಂಕಾಗುತ್ತದೆ, ಹಾಗಾಗಿ ಎಬ್ಬಿಸುವವರು ಯಾರು ಅಂತಲೂ ಬರೆಯಿರಿ. ನೈಟ್ ಮುಗಿಸಿ ಸ್ಕೂಟಿಯಲ್ಲಿ ಅಂಕೋಲೆಗೆ ಹೋಗುವವರನ್ನು ತಡೆಯಿರಿ. ಹೈವೇಯಲ್ಲಿ ಆ ಹೊತ್ತಿಗೆ ಮೀನಿನ ಗಾಡಿಗಳು ಹೇಗೆ ಓಡುತ್ತವೆ ಗೊತ್ತಲ್ವಾ. ಹದಿನೇಳು ತಾಸು ನಿದ್ದೆಗೆಟ್ಟವರ ಕೈಕಾಲು ಕುಡಿದವರ ಹಾಗೇ ನಿಧಾನ. ಒಂದು ತಾಸು ಮಲಗಿ ಹೋಗಲಿ, ಇಲ್ಲವೇ ಬಸ್ಸಿಗೆ ಹೋಗಲಿ.

ತಲೆಯಲ್ಲಿರುವುದನ್ನು ಗೋಡೆಗೆ ಬರೆಯುವುದು

ನಮ್ಮನ್ನು ನಿಜಕ್ಕೂ ತಿಂದದ್ದು ಲೆಕ್ಕ ಇಟ್ಟುಕೊಳ್ಳುವ ಕೆಲಸ. ಯಾವ ಆಕ್ಸಿಜನ್ ಸಿಲಿಂಡರ್ ಎಷ್ಟು ಹೊತ್ತಿಗೆ ಖಾಲಿ? ಇದನ್ನು ತಲೆಯಲ್ಲಿ ಹೊತ್ತುಕೊಂಡು ಯಾರೂ ಊಟ ಮಾಡಲಾರರು. ಲೆಕ್ಕ ಸುಲಭ. ತುಂಬಿದ ಜಂಬೋ ಸಿಲಿಂಡರ್‌ನಲ್ಲಿ ಸುಮಾರು 7000 ಲೀಟರ್ ಇರುತ್ತದೆ. ನಿಮಿಷಕ್ಕೆ 10 ಲೀಟರ್ ಹೋದರೆ 700 ನಿಮಿಷ, ಅಂದರೆ ಹನ್ನೊಂದೂವರೆ ತಾಸಿನ ಹತ್ತಿರ. 15 ಲೀಟರ್ ಹೋದರೆ ಎಂಟು ತಾಸೂ ಬರುವುದಿಲ್ಲ. ಸಿಲಿಂಡರ್ ಹಚ್ಚಿದ ಕೂಡಲೇ ಅಗಲ ಪ್ಲಾಸ್ಟರ್ ತುಂಡು ಹರಿದು ಅದರ ಮೇಲೆ ಬದಲಿಸುವ ಸಮಯ ಬರೆದು ಕುತ್ತಿಗೆಗೆ ಅಂಟಿಸಿ. ಖಾಲಿಯಾಗುವ ಸಮಯ ಅಲ್ಲ, ಅದಕ್ಕಿಂತ ಅರ್ಧ ತಾಸು ಮೊದಲಿನದು. ಫ್ಲೋ ಏರಿಸಿದರೆ ಹಳೇ ಪ್ಲಾಸ್ಟರ್ ಕಿತ್ತು, ಗೇಜ್ ನೋಡಿ ಹೊಸದು.

ಆ್ಯಂಬುಲೆನ್ಸ್‌ಗೂ ಇದೇ. 1500 ಲೀಟರಿನ ಸಣ್ಣ ಸಿಲಿಂಡರ್ ನಿಮಿಷಕ್ಕೆ 10 ಲೀಟರ್ ಹೋದರೆ ಎರಡೂವರೆ ತಾಸು. ಕಾರವಾರದಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ ಮುಟ್ಟಲು ಮೂರು ತಾಸು ದಾಟುತ್ತದೆ. ಎರಡನೇ ಸಿಲಿಂಡರ್ ಇಡದೆ ಕಳಿಸಿದರೆ ಜೊತೆಗೆ ಹೋದ ಸಿಸ್ಟರ್ ಯಲ್ಲಾಪುರದಿಂದ ಮುಂದೆ ಗೇಜ್ ನೋಡುತ್ತಲೇ ಕೂತಿರುತ್ತಾಳೆ. ಅವಳು ವಾಪಸ್ ಬಂದ ಮೇಲೆ ನೀವು ಎಷ್ಟು ಸಮಾಧಾನ ಹೇಳಿದರೂ ಅಷ್ಟೇ.

ಫೋನ್

ಇದು ನನ್ನದೇ ತಪ್ಪು. ನಮ್ಮಲ್ಲಿ ಗಣಪತಿ ಹೆಸರಿನ ಇಬ್ಬರು ರೋಗಿಗಳಿದ್ದರು, ಒಬ್ಬರು ಅಂಕೋಲೆ ಕಡೆಯವರು, ಇನ್ನೊಬ್ಬರು ಹೊನ್ನಾವರ ಕಡೆಯವರು. ಐದನೇ ನೈಟ್. ಕಿವಿಗೂ ಭುಜಕ್ಕೂ ನಡುವೆ ಫೋನ್, ಕೈಯಲ್ಲಿ ಡ್ರಿಪ್ ಸೆಟ್. ಅವರಲ್ಲಿ ಒಬ್ಬರ ಮಗಳು ಕೇಳಿದಳು, ನಾನು ಇನ್ನೊಬ್ಬರು ಅಂದುಕೊಂಡು ಹೇಳಿದೆ: ಅಪ್ಪನಿಗೆ ಆಕ್ಸಿಜನ್ ಸಾಲ್ತಾ ಇಲ್ಲ, ವೆಂಟಿಲೇಟರ್ ಬೇಕಾಗಬಹುದು. ಆಮೇಲೆ ತಿರುಗಿ ನೋಡಿದರೆ ಅವಳ ಅಪ್ಪ ಬೆಡ್ ಮೇಲೆ ಕೂತು ಗಂಜಿ ಕುಡಿಯುತ್ತಿದ್ದರು. ವಾಪಸ್ ಫೋನ್ ಮಾಡಿ ಹೇಳಿದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ಸುಮ್ನೆ ಇಟ್ಟುಬಿಟ್ಟಳು.

ಆವತ್ತಿನಿಂದ ನಾನು ಮಾಡಿದ್ದು ಇಷ್ಟು. ಮನೆಯವರಿಗೆ ಫೋನ್ ಬೆಳಿಗ್ಗೆ ಹನ್ನೊಂದಕ್ಕೆ, ಸಂಜೆ ಐದಕ್ಕೆ. ನಾವೇ ಮಾಡುವುದು. ಮಾಡುವವರು ಒಬ್ಬರೇ, ಪಿಪಿಇ ಕಿಟ್ ಹಾಕದೆ, ಕುರ್ಚಿಯಲ್ಲಿ ಕೂತು, ಕೇಸ್ ಶೀಟ್ ಎದುರಿಗಿಟ್ಟು. ಹೆಸರಿನ ಜೊತೆಗೆ ಊರು, ತಂದೆಯ ಹೆಸರು ಕೇಳಿಯೇ ಮುಂದಿನ ಮಾತು. ಪರಿಸ್ಥಿತಿ ಏಕಾಏಕಿ ಕೆಟ್ಟರೆ, ಸಾವಾದರೆ, ಐದು ಗಂಟೆಗೆ ಕಾಯಬೇಡಿ. ಡಾಕ್ಟರ್ ಅಥವಾ ಹಿರಿಯ ಸಿಸ್ಟರ್ ಆಗಲೇ ಮಾತಾಡಲಿ. ಸಾವಿನ ಸುದ್ದಿ ಹೇಳಿದವರಿಗೆ ಮುಂದಿನ ಅರ್ಧ ತಾಸು ಯಾವ ಫೋನೂ ಕೊಡಬೇಡಿ, ಹೊಸ ರೋಗಿಯನ್ನೂ ಕೊಡಬೇಡಿ.

ಕಿಟ್

ನಮ್ಮ ಮೇ ತಿಂಗಳ ಸೆಕೆಯಲ್ಲಿ ಪಿಪಿಇ ಕಿಟ್ ಅಂದರೆ ಇಡ್ಲಿ ಪಾತ್ರೆಯೊಳಗೆ ಕೂತ ಹಾಗೆ. ಗ್ಲೌಸ್ ತೆಗೆದರೆ ಬೆವರು ಸುರಿಯುತ್ತದೆ. ನಾಲ್ಕು ತಾಸಿಗೆ ಆಳು ಬದಲಿಸಿ. ಹಾಕುವ ಮೊದಲು ಎರಡು ಲೋಟ ನೀರು, ಟಾಯ್ಲೆಟ್. ಹೊರಗೆ ಬಂದವರಿಗೆ ಉಪ್ಪು ಹಾಕಿದ ಮುರುಗಲ ಪಾನಕ. ಮುಟ್ಟಿನ ದಿನಗಳಲ್ಲಿ ಕಿಟ್ ಡ್ಯೂಟಿ ಬೇಡ ಅಂದವರನ್ನು ಯಾಕೆ ಅಂತ ಕೇಳಬೇಡಿ. ತಪ್ಪಾಗುವುದು ಬಿಚ್ಚುವಾಗ, ಆಗ ಎಲ್ಲರಿಗೂ ಮನೆಗೆ ಹೋಗುವ ಅವಸರ. ಎದುರಿಗೆ ಒಬ್ಬರು ನಿಂತು ಜೋರಾಗಿ ಓದಲಿ: ಗ್ಲೌಸ್, ಗೌನ್, ಕೈ ತೊಳಿ, ಕನ್ನಡಕ, ಕಡೆಗೆ ಮಾಸ್ಕ್, ಮತ್ತೆ ಕೈ. ಕಿಟ್ ಎದೆಯ ಮೇಲೆ ಮಾರ್ಕರ್‌ನಲ್ಲಿ ಹೆಸರು ಬರೆಸಿ. ಒಳಗೆ ಯಾರೂ ಯಾರನ್ನೂ ಗುರುತಿಸಲಾಗದ ನಾಲ್ಕು ತಾಸು ಒಂಥರಾ ಒಂಟಿತನ.

ಯಾರು ಕುಸಿಯುತ್ತಿದ್ದಾರೆ ಅಂತ ನೋಡುವುದು

ಅಳುವವರ ಬಗ್ಗೆ ನನಗೆ ಅಷ್ಟು ಚಿಂತೆ ಇರಲಿಲ್ಲ. ಕಿಡ್ನಿ ಟ್ರೇ ಎಲ್ಲಿಟ್ಟೆ ಅಂತ ಆಯಾ ಮೇಲೆ ಕೂಗಾಡುವವರು, ಮೊದಲು ತಮಾಷೆ ಮಾಡುತ್ತಿದ್ದು ಈಗ ಗುಮ್ಮನ ಹಾಗಾದವರು, ಒಂದು ಬೆಡ್ ಹತ್ತಿರ ಮಾತ್ರ ಹೋಗದವರು, ಇವರನ್ನು ನೋಡಿ. ಕೇಳಬೇಕಾದ್ದು "ಹೇಗಿದ್ದೀಯ" ಅಂತ ಅಲ್ಲ, ಅದಕ್ಕೆ ಉತ್ತರ "ಆರಾಮ". "ನಿನ್ನೆ ಎಷ್ಟು ತಾಸು ಮಲಗಿದೆ, ತಂಗೀ?" ಅಂತ ಕೇಳಿ.

ಸಾವಾದ ಮೇಲೆ ಎಲ್ಲರನ್ನೂ ಗುಂಪಲ್ಲಿ ಕೂರಿಸಿ ಬಲವಂತವಾಗಿ ಮನಸ್ಸು ಬಿಚ್ಚಿಸುವುದು ಬೇಡ. ಅದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪುವುದಿಲ್ಲ. ಹೇಳುವವರು ಹೇಳಲಿ, ಚಹಾ ಕುಡಿಯುವವರು ಕುಡಿಯಲಿ. ಎರಡು ವಾರ ನಿದ್ದೆ ಇಲ್ಲ, ಊಟ ಸೇರುವುದಿಲ್ಲ ಅಂದರೆ ಮಾನಸಿಕ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಬದುಕೇ ಬೇಡ ಅನ್ನುವ ಮಾತು ಬಂದರೆ ಅವತ್ತೇ, ಒಂಟಿಯಾಗಿ ಬಿಡದೆ. ನಮಗೆ ಆಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇರಲಿಲ್ಲ, ಅದು ಶುರುವಾದದ್ದು 2022ರ ಅಕ್ಟೋಬರ್‌ನಲ್ಲಿ. 14416, ಹಗಲು ರಾತ್ರಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ನಂಬರನ್ನು ನೋಟಿಸ್ ಬೋರ್ಡ್‌ಗೆ ಹಾಕಬೇಡಿ, ಅಲ್ಲಿ ನಿಂತು ಬರೆದುಕೊಂಡರೆ ನಾಲ್ಕು ಜನ ನೋಡುತ್ತಾರೆ. ಟಾಯ್ಲೆಟ್ ಬಾಗಿಲ ಒಳಗಡೆ ಅಂಟಿಸಿ. ಡ್ರೈವರ್‌ಗಳ ಕೋಣೆ, ಡಿ ಗ್ರೂಪ್‌ನವರ ಕೋಣೆ, ಶವಾಗಾರದವರನ್ನು ಮರೆಯಬೇಡಿ.

ಇನ್ನೊಂದು. ಅಲೆ ಇಳಿದ ಮೇಲೆ ರಜೆ ಕೊಡಲು ಜಿಪುಣತನ ಮಾಡಬೇಡಿ. ನಮ್ಮ ಒಬ್ಬ ಆಯಾ ಮೇ ತಿಂಗಳಿಡೀ ಕಲ್ಲಿನ ಹಾಗಿದ್ದರು. ಮಳೆಗಾಲ ಮುಗಿಯುತ್ತ ಬಂದಾಗ, ವಾರ್ಡ್ ಅರ್ಧ ಖಾಲಿ ಇದ್ದ ಒಂದು ಮಧ್ಯಾಹ್ನ, ಮೂಲೆಯ ಬೆಡ್ ಒರೆಸುತ್ತ ಒರೆಸುತ್ತ ಬಟ್ಟೆ ಕೈಯಲ್ಲಿ ಹಿಡಿದೇ ಕೂತುಬಿಟ್ಟರು. ನಾನು ಹತ್ತಿರ ಹೋಗಿ ಕೂತೆ, ಏನೂ ಕೇಳಲಿಲ್ಲ. ಆಮೇಲೆ ಎದ್ದು ಹೋಗಿ ಚಾರ್ಟ್‌ನಲ್ಲಿ ಅವರ ಹೆಸರಿನ ಮುಂದೆ ಎಂಟು ದಿನ ರಜೆ ಬರೆದೆ.