ಹೋಂಸ್ಟೇ ಸೈಟುಗಳಿಗೆಲ್ಲ ಒಂದೇ ಟೆಂಪ್ಲೇಟು: ನನ್ನ ಅನುಭವ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಸುತ್ತಿನ ಮೂವತ್ತು ಚಿಲ್ಲರೆ ಹೋಂಸ್ಟೇಗಳ ಸೈಟು ಈಗ ಒಂದೇ ಟೆಂಪ್ಲೇಟಿನ ಮೇಲೆ ಓಡುತ್ತಿವೆ. ನೋಡಿದವರಿಗೆ ಒಂದಕ್ಕೊಂದು ಸಂಬಂಧವಿದೆ ಅನ್ನಿಸುವುದೇ ಇಲ್ಲ. "ಪಕ್ಕದ ಎಸ್ಟೇಟಿನವರ ಹಾಗೆಯೇ ತಮ್ಮದೂ ಕಂಡರೆ ಯಾರೂ ಒಪ್ಪಲ್ಲ, ಇದು ನಡೆಯೋ ಮಾತಲ್ಲ ಮಾರಾಯ" ಎಂದು ಬೆಂಗಳೂರಿನ ಗೆಳೆಯರು ಹೇಳಿದ್ದರು. ನಡೆಯಿತು.

ಮೊದಲು ಎಲ್ಲರ ಹಾಗೆ ರೆಡಿಮೇಡ್ ಥೀಮ್ ಕೊಂಡು, ಕೋಡ್ ಬರೆಯದೆ ಪುಟ ಕಟ್ಟುವ ಪೇಜ್ ಬಿಲ್ಡರ್‌ನಲ್ಲಿ ಕೂರಿಸಿ ಕೊಡುತ್ತಿದ್ದೆ. ಸೈಟಿಗೆ ಹದಿನೈದು ಸಾವಿರ. ಥೀಮು, ಲೈಸೆನ್ಸು, ಹೋಸ್ಟಿಂಗು ಕಳೆದರೆ ಕೈಗೆ ಎಂಟೊಂಬತ್ತು, ಅದೂ ಮೊದಲ ವರ್ಷ ಮಾತ್ರ. ಮರುವರ್ಷ ಲೈಸೆನ್ಸಿಗೆ ದುಡ್ಡು ಕೇಳಿದರೆ ಓನರ್ ಫೋನೇ ಎತ್ತುತ್ತಿರಲಿಲ್ಲ. ಒಂದು ಡಿಸೆಂಬರ್ ಸೀಸನ್ನಿನಲ್ಲಿ ಬಿಲ್ಡರ್ ಅಪ್‌ಡೇಟ್ ಆಗಿ ಏಳೆಂಟು ಸೈಟುಗಳ ರೂಮಿನ ಪುಟ ಚೆಲ್ಲಾಪಿಲ್ಲಿಯಾಯಿತು. ಒಂದೊಂದಕ್ಕೂ ಬೇರೆ ಲಾಗಿನ್, ಬೇರೆ ರಿಪೇರಿ. ಇಬ್ಬರು ಕೈಬಿಟ್ಟು ಹೋದರು, ಬರಬೇಕಿದ್ದ ಸುಮಾರು ಇಪ್ಪತ್ತು ಸಾವಿರವೂ ಅವರ ಜೊತೆ ಹೋಯಿತು.

ಈಗಿರುವುದು ಹ್ಯೂಗೊ, ಅಂದರೆ ಟೆಂಪ್ಲೇಟಿಗೆ ಡೇಟಾ ತುಂಬಿ ಪುಟಗಳನ್ನು ಮೊದಲೇ ಸಿದ್ಧ ಮಾಡಿಡುವ ಸಾಫ್ಟ್‌ವೇರ್. ಪುಟ ಅನ್ನುವ ಲೆಕ್ಕವನ್ನೇ ಬಿಟ್ಟು ತುಂಡುಗಳಾಗಿ ಒಡೆದೆ: ದೊಡ್ಡ ಫೋಟೋ, ರೂಮು, ಊಟ, ತೋಟದ ಸುತ್ತಾಟ, ದರ, ಬರುವ ದಾರಿ. ಯಾವ ತುಂಡು ಬೇಕು, ಯಾವುದರ ಕೆಳಗೆ ಯಾವುದು ಎಂಬುದು ಆಯಾ ಸೈಟಿನ ಡೇಟಾ ಫೈಲಿನಲ್ಲಿರುತ್ತದೆ. ಮಾಹಿತಿ ಇಲ್ಲದ ತುಂಡು ಮೂಡುವುದೇ ಇಲ್ಲ, ಖಾಲಿ ಜಾಗವೂ ಉಳಿಯುವುದಿಲ್ಲ. ಬಣ್ಣ, ಫಾಂಟ್, ಮೂಲೆಯ ದುಂಡು, ತುಂಡುಗಳ ನಡುವಿನ ಅಂತರ ಎಲ್ಲವೂ ಸಿಎಸ್‌ಎಸ್ ವೇರಿಯಬಲ್ (ಸೈಟಿನ ಅಂದ ಹೇಳುವ ಸಿಎಸ್‌ಎಸ್ ಭಾಷೆಯಲ್ಲಿ ಒಂದೆಡೆ ಬದಲಿಸಬಹುದಾದ ಮೌಲ್ಯ). ಹತ್ತು ಹನ್ನೆರಡು ಸಾಲು ಬದಲಿಸಿದರೆ ಸೈಟಿನ ಮುಖವೇ ಬೇರೆ. ಓನರ್ ಕಳಿಸಿದ ಫೋಟೋದಿಂದಲೇ ಬಣ್ಣ ಆರಿಸುವ ವಿಧಾನವೊಂದಿದೆ, ಅದು ನನ್ನ ಹತ್ತಿರವೇ ಇರಲಿ.

ಬಹಳ ಕಾಡಿದ್ದು ರೂಮಿನ ಕಾರ್ಡು, ಅಂದರೆ ಪುಟದಲ್ಲಿ ಒಂದೊಂದು ರೂಮನ್ನು ತೋರಿಸುವ ಚೌಕ. ಒಬ್ಬರದು ಎರಡೇ ರೂಮು, ಇನ್ನೊಬ್ಬರದು ಹನ್ನೊಂದು. ಕಾರ್ಡುಗಳನ್ನು ಸಾಲು, ಕಾಲಮ್ಮಾಗಿ ಜೋಡಿಸುವುದು ಸಿಎಸ್‌ಎಸ್ ಗ್ರಿಡ್. ಗ್ರಿಡ್‌ನಲ್ಲಿ ಖಾಲಿ ಕಾಲಮ್ಮನ್ನೂ ಉಳಿಸುವ ಆಟೋ-ಫಿಲ್ ಹಾಕಿದರೆ ಎರಡು ಕಾರ್ಡು ಎಡಕ್ಕೆ ಅಂಟಿಕೊಂಡು ಬಲಗಡೆ ಬಟಾಬಯಲು. ಆಟೋ-ಫಿಟ್ ಹಾಕಿದರೆ ಖಾಲಿ ಕಾಲಮ್ ಮಡಚಿಕೊಂಡು ಕಾರ್ಡುಗಳು ಹಿಗ್ಗುತ್ತವೆ, ಆದರೆ ಒಂದೇ ಕಾಟೇಜ್ ಇದ್ದವರದು ಪರದೆಯಗಲ ಹಿಗ್ಗಿ ಫೋಟೋ ಮಸುಕಾಗುತ್ತದೆ. ಕೊನೆಗೆ ಆಟೋ-ಫಿಟ್ಟನ್ನೇ ಇಟ್ಟು, ಗರಿಷ್ಠ ಅಗಲವನ್ನು ಕಾರ್ಡಿಗೆ ಕೊಟ್ಟು ನಡುವೆ ನಿಲ್ಲಿಸಿದೆ. ಕಾಲಮ್ಮಿನ ಕನಿಷ್ಠ ಅಗಲ 280 ಪಿಕ್ಸೆಲ್; ಅದನ್ನು 100% (ಇರುವ ಜಾಗದ ಪೂರ್ತಿ ಅಗಲ) ಜೊತೆ, ಎರಡರಲ್ಲಿ ಚಿಕ್ಕದನ್ನು ಆರಿಸುವ ಮಿನ್ ಒಳಗೆ ಹಾಕಲೇಬೇಕು, ಇಲ್ಲವಾದರೆ ಸಣ್ಣ ಫೋನುಗಳಲ್ಲಿ ಅಡ್ಡ ಸ್ಕ್ರಾಲ್ ಬರುತ್ತದೆ. 2023ರ ಫೆಬ್ರವರಿಯಲ್ಲಿ ಫೈರ್‌ಫಾಕ್ಸಿಗೂ ಕಂಟೇನರ್ ಕ್ವೆರಿ (ತುಂಡು ಕೂತ ಜಾಗದ ಅಗಲ ನೋಡಿ ಅಂದ ಬದಲಿಸುವ ನಿಯಮ) ಬಂದ ಮೇಲೆ, ಇಡೀ ಪರದೆಯ ಅಗಲ ನೋಡುವ ಮೀಡಿಯಾ ಕ್ವೆರಿಗಳಲ್ಲಿ ಮುಕ್ಕಾಲು ಪಾಲು ಅಳಿಸಿ ಹಾಕಿದೆ.

ಇನ್ನು ಕನ್ನಡ. ಇಂಗ್ಲಿಷಿಗೆ ಅಚ್ಚುಕಟ್ಟಾಗಿ ಕೂತ ಟೆಂಪ್ಲೇಟು ಕನ್ನಡಕ್ಕೆ ಕೂರುವುದಿಲ್ಲ. ಶೀರ್ಷಿಕೆಗೆ ಲೈನ್-ಹೈಟ್ (ಸಾಲಿನ ಎತ್ತರ) 1.2 ಇಟ್ಟರೆ "ಮುಳ್ಳಯ್ಯನಗಿರಿ"ಯ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, ಓವರ್‌ಫ್ಲೋ ಹಿಡನ್ (ಚೌಕಟ್ಟು ಮೀರಿದ್ದನ್ನು ಮರೆಮಾಡುವ ನಿಯಮ) ಇದ್ದ ಕಡೆ ಅರ್ಧಕ್ಕೇ ತುಂಡಾಗುತ್ತವೆ. ಭಾಷೆ ಕನ್ನಡ ಎಂದು ಗುರುತಿರುವ ಕಡೆಗೆಲ್ಲ 1.6 ಕೊಟ್ಟೆ. "ಬುಕ್ ನೌ"ಗೆ ಅಳೆದ ಬಟನ್ನಿನಲ್ಲಿ "ರೂಮು ಕಾಯ್ದಿರಿಸಿ" ಹಿಡಿಸುವುದಿಲ್ಲ, ಹಾಗಾಗಿ ಬಟನ್ನಿಗೆ ಅಗಲವೇ ಇಲ್ಲ, ಪ್ಯಾಡಿಂಗ್ (ಅಕ್ಷರಗಳ ಸುತ್ತಲಿನ ಜಾಗ) ಮಾತ್ರ. ಡಿಟಿಪಿ ಅಂಗಡಿಯಿಂದ ಹಳೆಯ, ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಬಂದ ಬರಹವನ್ನು ಯೂನಿಕೋಡಿಗೆ ತಿರುಗಿಸಿದ ಮೇಲೆ ಅರ್ಕಾವತ್ತುಗಳು ಸರಿಯಾಗಿ ಬಂದಿವೆಯೇ ಎಂದು ಕಣ್ಣಿಟ್ಟು ನೋಡಿ.

ನಡುವೆ ಒಂದು ಪ್ರಯೋಗ. ದರದ ತುಂಡಿಗೆ ಪ್ರಿಂಟ್ ಸ್ಟೈಲ್ ಬರೆದು, ಅದೇ ಪುಟದಿಂದ ಎ5 ಅಳತೆಯ ದರಪಟ್ಟಿ ತೆಗೆಸಿದೆ. ದರ ಬದಲಾದಾಗಲೆಲ್ಲ ಡಿಟಿಪಿಗೆ ಕೊಡುತ್ತಿದ್ದ ಮುನ್ನೂರು ನಾನ್ನೂರು ಉಳಿಯಿತಲ್ಲ, ಓನರ್‌ಗಳಿಗೆ ಸೈಟಿಗಿಂತ ಇದೇ ಖುಷಿ. ತಿಂಗಳಿಗೆ ತಕ್ಕ ಹಾಗೆ ಮುಖಪುಟದ ಫೋಟೋ ತಾನಾಗಿ ಬದಲಾಗುವಂತೆಯೂ ಮಾಡಿ ನೋಡಿದೆ. ಆದರೆ ಕಾಫಿ ಹೂವು ಅರಳಿಸುವ ಹೂವಿನ ಮಳೆ ಯಾವ ವಾರ ಬೀಳುತ್ತದೋ ಯಾರಿಗೆ ಗೊತ್ತು? ಕಾಫಿ ಹೂವು ಬಿಡುವ ಮೊದಲೇ ಸೈಟು ಬೆಳ್ಳಗಾಗಿ ಕೂತಿತ್ತು. ಈಗ ತೋಟದಿಂದ ಫೋಟೋ ಬಂದ ದಿನವೇ ಬದಲಿಸುತ್ತೇನೆ.

ಸೈಟಿಗೆ ಈಗ ಹನ್ನೆರಡು ಸಾವಿರ ತೆಗೆದುಕೊಳ್ಳುತ್ತೇನೆ, ಡೊಮೇನ್ ಬಿಟ್ಟರೆ ಹೆಚ್ಚುಕಡಿಮೆ ಎಲ್ಲ ಕೈಗೇ ಉಳಿಯುತ್ತದೆ. ಫೋಟೋ, ಬರಹ ಕೈಗೆ ಬಂದರೆ ಎರಡು ದಿನದ ಕೆಲಸ. ಕೊಟ್ಟಿಗೆಹಾರದ ಕಡೆ ಒಂದೇ ಕಡ್ಡಿ ಸಿಗ್ನಲ್ಲಿನಲ್ಲೂ ಪುಟ ತೆರೆಯುತ್ತದೆ. ಮೊನ್ನೆ ವಾಟ್ಸಾಪ್ ಬಟನ್ನಿನ ಜಾಗ ಬದಲಿಸಬೇಕಾಯಿತು. ಒಂದು ಫೈಲು ತಿದ್ದಿದೆ, ಮಧ್ಯಾಹ್ನದ ಊಟದೊಳಗೆ ಅಷ್ಟೂ ಸೈಟು ಸರಿಹೋದವು. ಸಕಲೇಶಪುರದವರೊಬ್ಬರು ಕಾಫಿಪುಡಿಯನ್ನೂ ಮಾರಬೇಕು ಅಂದಿದ್ದಾರೆ, ದರದ ತುಂಡಿಗೆ ತೂಕದ ಕಾಲಮ್ ಸೇರಿಸುತ್ತಿದ್ದೇನೆ.