ಹಸಿರು ಕುದುರೆ ಮೂರು, ಗುರುತು ಹಿಡಿಯುವುದು ಹೇಗೆ?

ಜರ್ಮನಿಯಲ್ಲಿ ಬೇಸಿಗೆ ಬಂತೆಂದರೆ ಹೊಲದಂಚಿನ ಪೊದೆಗಳಲ್ಲಿ ದೊಡ್ಡ ಹಸಿರು ಮಿಡತೆಗಳ ಕಿರಿಕಿರಿ ರಾತ್ರಿಯವರೆಗೂ ಕೇಳುತ್ತದೆ. ಅಲ್ಲಿನವರು ಇವನ್ನು ಹೊಯ್‌ಫೇರ್ಟ್ ಎನ್ನುತ್ತಾರೆ, ಅಂದರೆ ಒಣಹುಲ್ಲಿನ ಕುದುರೆ. ನಮ್ಮಲ್ಲಿ ಸೂರ್ಯನ ಕುದುರೆ ಇದೆಯಲ್ವಾ, ಹಾಗೆ! ಇವು ಬುಷ್ ಕ್ರಿಕೆಟ್ ಗುಂಪಿನವು, ಟೆಟ್ಟಿಗೋನಿಯಾ ಕುಲ. ಅಲ್ಲಿ ಸಿಗುವ ಜಾತಿ ಮೂರು: ವಿರಿಡಿಸ್ಸಿಮಾ, ಕ್ಯಾಂಟನ್ಸ್, ಕಾಡೇಟಾ. ಮೂರೂ ಹಸಿರೇ. ಬಣ್ಣ ನಂಬಿದರೆ ಮೋಸ ಹೋಗುತ್ತೀರಿ.

ಮೊದಲು ಮೀಸೆ ನೋಡಿ. ಕೂದಲೆಳೆಯಷ್ಟು ತೆಳುವಾಗಿ, ಮೈಗಿಂತ ಉದ್ದ ಇದ್ದರೆ ಬುಷ್ ಕ್ರಿಕೆಟ್. ಮಾಮೂಲಿ ಮಿಡತೆಯ ಮೀಸೆ ಗಿಡ್ಡ.

ಹಿಂಗಾಲು ಹಿಡಿದು ಮಾತ್ರ ಎತ್ತಬೇಡಿ. ಕಾಲನ್ನೇ ಕಳಚಿ ಓಡುತ್ತದೆ. ಪೂರ್ತಿ ಬೆಳೆದ ಹುಳುವಿಗೆ ಆ ಕಾಲು ಮತ್ತೆ ಬರುವುದಿಲ್ಲ, ಪಾಪ. ಗಾಜಿನ ಬಾಟಲಿಯೊಳಗೆ ಬಿಟ್ಟುಕೊಂಡರೆ ಹೊಟ್ಟೆಯ ಕಡೆಯಿಂದಲೂ ಆರಾಮಾಗಿ ನೋಡಬಹುದು.

ರೆಕ್ಕೆ ಇನ್ನೂ ಮೊಳಕೆಯಷ್ಟೇ ಇದ್ದರೆ ಅದು ಮರಿ, ಬಿಟ್ಟುಬಿಡಿ. ಬೆಳೆದದ್ದಾದರೆ ಹಿಂತುದಿ ನೋಡಿ. ಕತ್ತಿಯಂಥದ್ದು ಚಾಚಿದ್ದರೆ ಹೆಣ್ಣು. ಜನ ಅದನ್ನು ಕೊಂಡಿ ಅಂದುಕೊಂಡು ಹೆದರುತ್ತಾರೆ. ಅದು ಮಣ್ಣಿಗೆ ಇಳಿಸಿ ಮೊಟ್ಟೆ ಇಡುವ ಅಂಗ ಅಷ್ಟೇ.

ಈಗ ಅಸಲಿ ಕೆಲಸ. ಮಡಚಿದ ರೆಕ್ಕೆ ಹಿಂಗಾಲಿನ ಮಂಡಿ ದಾಟಿ ಎಷ್ಟು ದೂರ ಹೋಗಿದೆ? ತುಂಬಾ ದಾಟಿದ್ದು, ಕತ್ತಿ ರೆಕ್ಕೆಯ ತುದಿ ಮುಟ್ಟದೆ ಒಳಗೇ ಉಳಿದಿದ್ದರೆ ವಿರಿಡಿಸ್ಸಿಮಾ. ರೆಕ್ಕೆ ಮಂಡಿಯ ಹತ್ತಿರವೇ ಮುಗಿದು, ಕತ್ತಿ ಅದಕ್ಕಿಂತ ಸ್ವಲ್ಪ ಆಚೆ ಬಂದಿದ್ದರೆ ಕ್ಯಾಂಟನ್ಸ್. ರೆಕ್ಕೆ ಮಂಡಿ ದಾಟಿದ್ದರೂ ಕತ್ತಿ ಅದಕ್ಕಿಂತ ಜಾಸ್ತಿ ಉದ್ದ ಕಂಡರೆ ಕಾಡೇಟಾ ಇರಬಹುದು. ಖಾತ್ರಿಗೆ ಲೆನ್ಸ್ ಹಿಡಿದು ಹಿಂತೊಡೆಯ ಅಡಿಭಾಗ ನೋಡಿ. ಅಲ್ಲಿ ಸಾಲಾಗಿ ಸಣ್ಣ ಮುಳ್ಳುಗಳಿವೆ. ಒಂದೊಂದು ಮುಳ್ಳಿನ ಬುಡದಲ್ಲೂ ಮಸಿ ಇಟ್ಟ ಹಾಗೆ ಕಪ್ಪು ಚುಕ್ಕಿ ಇದ್ದರೆ ಅದು ಕಾಡೇಟಾನೇ. ನನಗೆ ತುಂಬಾ ಇಷ್ಟವಾದ ಗುರುತು ಇದು. ಗಂಡಿಗೂ ಒಪ್ಪುತ್ತದೆ.

ನಮ್ಮ ಕಡೆಯ ಮೆಕೋಪೋಡಾಗೆ (ಇದೂ ಬುಷ್ ಕ್ರಿಕೆಟ್‌ಗಳದೇ ಇನ್ನೊಂದು ಕುಲ) ಮಾತ್ರ ಈ ಅಳತೆ ಸಾಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿವೇಕ್ ನಿತ್ಯಾನಂದ ಮತ್ತು ರೋಹಿಣಿ ಬಾಲಕೃಷ್ಣನ್ ದಕ್ಷಿಣ ಭಾರತದ ಮೆಕೋಪೋಡಾಗಳಲ್ಲಿ 5 ಬಗೆಯ ಹಾಡು ಗುರುತಿಸಿ 2006ರಲ್ಲಿ ಪ್ರಕಟಿಸಿದರು. ಮೈಕಟ್ಟು ನೋಡಿ ಅವನ್ನು ಬೇರೆ ಮಾಡಲು ಆಗಲಿಲ್ಲ. ಅಂಥ ಕಡೆ ಲೆನ್ಸ್ ಪಕ್ಕಕ್ಕಿಡಿ. ಕತ್ತಲಾದ ಮೇಲೆ ಪೊದೆಯ ಹತ್ತಿರ ಸುಮ್ನೆ ಕೂತು, ಫೋನಿನಲ್ಲಿ ಹಾಡು ರೆಕಾರ್ಡ್ ಮಾಡಿಕೊಳ್ಳಿ.