ಒಂದು ತೊಗರಿ ಪಾಠ, ಐದು ಹಾಳೆ: ಸಹಕಾರಿ ಕಲಿಕೆ ನಾನು ಮಾಡಿಸುವ ಬಗೆ

ಐದು ಮಕ್ಕಳಿಗೆ ಒಂದೇ ಪ್ರಶ್ನೆಹಾಳೆ ಕೊಟ್ಟು "ಕೂಡಿ ಬರೀರಿ" ಅಂದರೆ ಒಬ್ಬರು ಬರೆಯುತ್ತಾರೆ, ಇಬ್ಬರು ನೋಡುತ್ತಾರೆ, ಉಳಿದಿಬ್ಬರು ಕಿಟಕಿಯ ಕಡೆ ತಿರುಗಿರುತ್ತಾರೆ. ತಪ್ಪು ಮಕ್ಕಳದಲ್ಲ. ಒಬ್ಬರೇ ಮುಗಿಸಬಹುದಾದ ಕೆಲಸವನ್ನು ಐವರಿಗೆ ಕೊಟ್ಟರೆ ಒಬ್ಬರೇ ಮುಗಿಸುತ್ತಾರೆ. ಹೀಗಾಗಿ ನನ್ನ ಶ್ರಮವೆಲ್ಲ ತರಗತಿಗೆ ಹೋಗುವ ಮೊದಲೇ ಹಾಳೆ ತಯಾರಿಸುವುದರಲ್ಲಿ ಕಳೆಯುತ್ತದೆ. ಪಾಠವನ್ನು ಎಲ್ಲಿ ತುಂಡು ಮಾಡಬೇಕು, ಯಾವ ತುಂಡು ಯಾರ ಕೈಗೆ ಹೋಗಬೇಕು ಎಂಬುದನ್ನು ಮೊದಲೇ ಗಟ್ಟಿ ಮಾಡಿಕೊಳ್ಳದಿದ್ದರೆ ಮುಂದಿನ ಯಾವ ಉಪಾಯವೂ ನಡೆಯುವುದಿಲ್ಲ.

ನಾನು ಹೆಚ್ಚಾಗಿ ಬಳಸುವುದು ಜಿಗ್ಸಾ ವಿಧಾನ. 1971ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ಊರಿನಲ್ಲಿ ಮನೋವಿಜ್ಞಾನಿ ಎಲಿಯಟ್ ಅರಾನ್ಸನ್ ಮತ್ತು ಅವರ ವಿದ್ಯಾರ್ಥಿಗಳು ಇದನ್ನು ರೂಪಿಸಿದರು. ಅಲ್ಲಿ ಕರಿಯ, ಬಿಳಿಯ, ಮೆಕ್ಸಿಕನ್ ಮೂಲದ ಮಕ್ಕಳು ಆಗಷ್ಟೇ ಒಂದೇ ಶಾಲೆಗೆ ಬಂದಿದ್ದರು, ಜಗಳ ಹೆಚ್ಚಿತ್ತು. ಒಬ್ಬರ ಬಳಿ ಇರುವ ಮಾಹಿತಿ ಇನ್ನೊಬ್ಬರಿಗೆ ಬೇಕೇ ಬೇಕಾಗುವಂತೆ ಪಾಠ ಹಂಚಿದ್ದೇ ಅವರ ಉಪಾಯ. ನಮ್ಮ ಕಲಬುರಗಿ ಜಿಲ್ಲೆಯ ಸೇಡಂ, ಚಿಂಚೋಳಿ ಕಡೆಯ ತರಗತಿಯಲ್ಲಿ ಮನೆಯಲ್ಲಿ ಕನ್ನಡ ಆಡುವವರು, ತೆಲುಗು ಆಡುವವರು, ಉರ್ದು ಆಡುವವರು, ತಾಂಡಾದಿಂದ ಬರುವ ಲಂಬಾಣಿ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಈ ವಿಧಾನ ಇಲ್ಲಿಗೆ ಹೊಂದಿಬರಲು ಅದೂ ಒಂದು ಕಾರಣ.

ಎಂಟನೇ ತರಗತಿಯ ಬೆಳೆ ಉತ್ಪಾದನೆ ಮತ್ತು ನಿರ್ವಹಣೆ ಪಾಠವನ್ನೇ ತೆಗೆದುಕೊಳ್ಳಿ. ಐದು ಹಾಳೆ ಮಾಡುತ್ತೇನೆ: ಮಣ್ಣು ಹದ ಮತ್ತು ಬಿತ್ತನೆ, ಗೊಬ್ಬರ, ನೀರು, ಕಳೆ, ರಾಶಿ ಮತ್ತು ಸಂಗ್ರಹ. ಪ್ರತಿ ಹಾಳೆ ಒಂದೇ ಮಗ್ಗುಲು, 150ರಿಂದ 200 ಪದ. ಅದಕ್ಕಿಂತ ಉದ್ದವಾದರೆ ಓದು ನಿಧಾನ ಇರುವ ಮಗು ಹತ್ತು ನಿಮಿಷದಲ್ಲಿ ಮುಗಿಸಲಾರದು, ಆ ಮಗು ಸೋತರೆ ಅದರ ಗುಂಪೂ ಸೋಲುತ್ತದೆ. 40 ಮಕ್ಕಳಿದ್ದರೆ ಪ್ರತಿ ಹಾಳೆಯ ಎಂಟು ಪ್ರತಿ ಬೇಕು. ಪ್ಲಾಸ್ಟಿಕ್ ಕವರಿಗೆ ಹಾಕಿಟ್ಟರೆ ಮುಂದಿನ ವರ್ಷಕ್ಕೂ ಬರುತ್ತವೆ.

ಹಾಳೆಗಳಿಗಿಂತ ಮೊದಲು ಬರೆದುಕೊಳ್ಳಬೇಕಾದದ್ದು ಕೊನೆಯ ಪ್ರಶ್ನೆ. ನನ್ನದು ಹೀಗಿದೆ: "ಒಬ್ಬ ರೈತನಿಗೆ ಐದು ಎಕರೆ ಎರೆ ಹೊಲ ಇದೆ. ಹೋದ ವರ್ಷ ಜೋಳ ಬೆಳೆದಿದ್ದ. ಹೊಲದ ಒಂದು ಮೂಲೆಯಲ್ಲಿ ಮಳೆನೀರು ನಿಲ್ಲುತ್ತದೆ. ಈ ಸಲ ತೊಗರಿ ಬಿತ್ತುತ್ತಾನೆ. ಜೂನ್‌ನಿಂದ ಜನವರಿಯವರೆಗೆ ಏನೇನು ಮಾಡಬೇಕು, ಏಕೆ?" ಇದಕ್ಕೆ ಉತ್ತರಿಸಲು ಐದೂ ಹಾಳೆ ಬೇಕು. ನೀರಿನ ಹಾಳೆಯವರು ಹೇಳಬೇಕು: ನಿಂತ ನೀರಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ, ಬಸಿಗಾಲುವೆ ತೆಗೆಯಬೇಕು. ಬಿತ್ತನೆಯವರು ಹೇಳಬೇಕು: ಬೀಜವನ್ನು ನೀರಿಗೆ ಹಾಕಿದಾಗ ತೇಲುವುದು ಒಳಗೆ ಪೊಳ್ಳಾದದ್ದು, ಅದನ್ನು ತೆಗೆದುಬಿಡಬೇಕು. ಕಳೆ ಹಾಳೆಯಲ್ಲಿ 2,4-ಡಿ ಕಳೆನಾಶಕದ ವಿಷಯ ಇದೆ. ಅದು ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತದೆ, ಜೋಳದಂಥ ಹುಲ್ಲಿನ ಜಾತಿಯನ್ನು ಸಾಮಾನ್ಯವಾಗಿ ಬಿಡುತ್ತದೆ. ತೊಗರಿಯೇ ಅಗಲ ಎಲೆಯ ಗಿಡ! ಹೋದ ವರ್ಷ ಜೋಳಕ್ಕೆ ಹೊಡೆದದ್ದನ್ನು ಈ ವರ್ಷ ತೊಗರಿಗೆ ಹೊಡೆದರೆ ಬೆಳೆಯೇ ಹೋಗುತ್ತದೆ. ಈ ಮಾತು ಮಕ್ಕಳ ಬಾಯಿಂದಲೇ ಬರುವಂತೆ ಹಾಳೆಯಲ್ಲಿ ಔಷಧದ ಗುಣ ಮಾತ್ರ ಬರೆದಿರುತ್ತೇನೆ, ತೊಗರಿಯ ಹೆಸರು ಎತ್ತಿರುವುದಿಲ್ಲ.

ಗುಂಪು ಮಾಡುವುದು ಹೀಗೆ. ಹಿಂದಿನ ಪರೀಕ್ಷೆಯ ಅಂಕದಂತೆ 40 ಹೆಸರನ್ನು ಇಳಿಕೆ ಕ್ರಮದಲ್ಲಿ ಬರೆಯಿರಿ. ಮೊದಲ ಎಂಟು ಹೆಸರಿಗೆ ಒಂದರಿಂದ ಎಂಟು, ಮುಂದಿನ ಎಂಟಕ್ಕೆ ಎಂಟರಿಂದ ಒಂದು, ಹೀಗೆ ಹೋಗುತ್ತ ಬರುತ್ತ ಸಂಖ್ಯೆ ಹಾಕಿದರೆ ಐವರ ಎಂಟು ಗುಂಪು ಆಗುತ್ತವೆ, ಬಲವೂ ಸರಿಸುಮಾರು ಸಮ ಆಗುತ್ತದೆ. ಆಮೇಲೆ ಕೈಯಿಂದ ಎರಡು ತಿದ್ದುಪಡಿ. ಒಂದು ಗುಂಪಿನಲ್ಲಿ ಒಬ್ಬಳೇ ಹುಡುಗಿ ಇರಬಾರದು, ಇದ್ದರೆ ಆಕೆ ಬಾಯಿ ಬಿಡುವುದಿಲ್ಲ, ಕನಿಷ್ಠ ಇಬ್ಬರಿರಲಿ. ಕನ್ನಡ ಇನ್ನೂ ತಡವರಿಸುವ ಮಗುವಿನ ಜತೆಗೆ ಅದೇ ಮನೆಮಾತಿನ ಇನ್ನೊಬ್ಬರಿರಲಿ. ತಮಗೆ ಬೇಕಾದವರ ಜೊತೆ ಕೂರಲು ಬಿಟ್ಟರೆ ಓಣಿ, ತಾಂಡಾ, ಜಾತಿ ಎಲ್ಲ ಬೆಂಚಿನ ಮೇಲೆ ಬಂದು ಕೂರುತ್ತವೆ. ಅದಕ್ಕೆ ನಾನು ಒಪ್ಪುವುದಿಲ್ಲ.

40 ನಿಮಿಷದ ಮೂರು ಪಿರಿಯಡ್ ಬೇಕು. ಮೊದಲ ದಿನ ಪ್ರತಿ ಗುಂಪಿನ ಐವರಿಗೆ ಐದು ಬೇರೆ ಬೇರೆ ಹಾಳೆ ಹಂಚಿ, ಹತ್ತು ನಿಮಿಷ ಮಾತಿಲ್ಲದ ಓದು. ಇದನ್ನು ಬಿಟ್ಟುಬಿಟ್ಟರೆ ಚುರುಕಾದವರು ಹೇಳಿದ್ದೇ ಪಾಠವಾಗುತ್ತದೆ. ನಂತರ ಒಂದೇ ಹಾಳೆ ಓದಿದವರೆಲ್ಲ ಪರಿಣತರ ಗುಂಪಾಗಿ ಸೇರುತ್ತಾರೆ. ಎಂಟು ಮಂದಿ ಒಟ್ಟಿಗೆ ಕೂತರೆ ಸಂತೆ, ನಾಲ್ಕು ನಾಲ್ಕಾಗಿ ಒಡೆಯಿರಿ. ಇಲ್ಲಿ ಯಾವ ಭಾಷೆಯಲ್ಲಾದರೂ ಮಾತಾಡಲಿ, ಮರುದಿನದ ವಿವರಣೆ ಮಾತ್ರ ಕನ್ನಡದಲ್ಲಿ. 20 ನಿಮಿಷದಲ್ಲಿ ಹತ್ತು ಗುಂಪಿಗೂ ಎರಡೆರಡು ನಿಮಿಷ ಹೋಗಿ, ಚೀಟಿ ಎತ್ತಿ ಬಂದ ಮಗುವಿಗೆ ಒಂದು ಪ್ರಶ್ನೆ ಕೇಳುತ್ತೇನೆ. ಜಾಣರಿಗಷ್ಟೇ ಕೇಳಿ ಮುಂದೆ ಹೋಗಬಾರದು. ಪರಿಣತರು ತಪ್ಪು ಕಲಿತರೆ ಆ ತಪ್ಪು ನಾಳೆ ನಾಲ್ಕು ಗುಂಪಿಗೆ ಹರಡುತ್ತದೆ, ಆಮೇಲೆ ಕೀಳುವುದು ಕಷ್ಟ.

ಗೊಬ್ಬರದ ಹಾಳೆಯಲ್ಲಿ ಈ ಅಪಾಯ ಹೆಚ್ಚು. "ತೊಗರಿ ಬೇರಿನ ಗಂಟು ಸಾರಜನಕ ತಯಾರ್ ಮಾಡ್ತದ್ರಿ" ಎನ್ನುತ್ತಾರೆ ಮಕ್ಕಳು, ಅದು ತಪ್ಪು. ಗಂಟಿನೊಳಗಿನ ರೈಜೋಬಿಯಂ ಬ್ಯಾಕ್ಟೀರಿಯ ಗಾಳಿಯಲ್ಲಿ ಇರುವ ಸಾರಜನಕವನ್ನೇ ಹಿಡಿದು ಗಿಡ ಬಳಸುವ ರೂಪಕ್ಕೆ ತರುತ್ತದೆ ಎಂಬುದು ಬಾಯಿಮಾತಿನಲ್ಲಿ ಕೂರುವುದಿಲ್ಲ. ಆಗಸ್ಟ್‌ನಲ್ಲಿ ಒಂದು ಗಿಡ ತರಿಸಿ. ಎರೆ ಮಣ್ಣಿನಲ್ಲಿ ಗಿಡವನ್ನು ಜಗ್ಗಿದರೆ ಗಂಟುಗಳು ಮಣ್ಣಲ್ಲೇ ಉಳಿಯುತ್ತವೆ, ಹೆಂಟೆ ಸಮೇತ ಅಗೆದು ಬಕೆಟ್ ನೀರಿನಲ್ಲಿ ನೆನೆಸಿ ತೊಳೆಯಬೇಕು. ಗಂಟು ಕತ್ತರಿಸಿದಾಗ ಒಳಗೆ ನಸುಗೆಂಪು ಕಂಡರೆ ಅದು ಕೆಲಸ ಮಾಡುತ್ತಿದೆ. ಬೂದು ಅಥವಾ ಹಸಿರು ಕಂಡರೆ ನಿಂತಿದೆ.

ಎರಡನೇ ದಿನ ಮಕ್ಕಳು ತಮ್ಮ ಐವರ ಮೂಲ ಗುಂಪಿಗೆ ಮರಳುತ್ತಾರೆ. ಹಾಳೆ ವಾಪಸ್ ತೆಗೆದುಕೊಳ್ಳುತ್ತೇನೆ. ಕೈಯಲ್ಲಿ ಮೂರು ಸಾಲಿನ ಟಿಪ್ಪಣಿ ಮಾತ್ರ. ಹಾಳೆ ಇದ್ದರೆ ಗಟ್ಟಿಯಾಗಿ ಓದಿ ಮುಗಿಸುತ್ತಾರೆ, ಕೇಳುವವರು ನಕಲು ಮಾಡಿಕೊಳ್ಳುತ್ತಾರೆ. ಒಬ್ಬೊಬ್ಬರಿಗೆ ಐದು ನಿಮಿಷ, ಕೊನೆಗೆ ಕೇಳುಗರಿಂದ ಕಡ್ಡಾಯವಾಗಿ ಒಂದು ಪ್ರಶ್ನೆ. ಒಬ್ಬನೇ ಮಾತಾಡುವ ಗುಂಪಿಗೆ ತಲೆಗೆ ನಾಲ್ಕು ಹುಣಸೆ ಬೀಜ ಕೊಡುತ್ತೇನೆ: ಮಾತಾಡಿದರೆ ಒಂದು ಬೀಜ ನಡುವೆ ಇಡಬೇಕು, ಮುಗಿದರೆ ಎಲ್ಲರ ಬೀಜ ಖಾಲಿಯಾಗುವವರೆಗೆ ಕೇಳಬೇಕು. ಮೂರನೇ ದಿನ 20 ನಿಮಿಷ ರೈತನ ಪ್ರಶ್ನೆ, ಮುಂದಿನ 15 ನಿಮಿಷ ಕಿರುಪರೀಕ್ಷೆ, ಒಬ್ಬೊಬ್ಬರೇ, ಮಾತಿಲ್ಲದೆ.

ಅಂಕದ ವಿಷಯದಲ್ಲಿ ನಾನು ಬಿಗಿ. ಗುಂಪಿಗೆ ಒಂದೇ ಅಂಕ ಕೊಟ್ಟು ಅದನ್ನೇ ಎಲ್ಲರ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ದಾಖಲೆಗೆ ಏರಿಸಿದರೆ ದುಡಿದವರಿಗೆ ಸಿಟ್ಟು ಬರುತ್ತದೆ, ದುಡಿಯದವರಿಗೆ ರೂಢಿಯಾಗುತ್ತದೆ. ದಾಖಲೆಗೆ ಹೋಗುವುದು ಅವರವರ ಅಂಕ. ಗುಂಪಿನ ಗೆಲುವಿಗೆ ಶಿಕ್ಷಣ ಸಂಶೋಧಕ ರಾಬರ್ಟ್ ಸ್ಲೇವಿನ್ ಅವರ ಸುಧಾರಣಾ ಅಂಕದ ಪದ್ಧತಿ: ಮಗುವಿನ ಹಿಂದಿನ ಸರಾಸರಿ ಶೇಕಡಾಕ್ಕಿಂತ ಹತ್ತಕ್ಕೂ ಹೆಚ್ಚು ಇಳಿದರೆ 5, ಒಂದರಿಂದ ಹತ್ತು ಇಳಿದರೆ 10, ಅಷ್ಟೇ ಉಳಿದರೆ ಅಥವಾ ಹತ್ತರವರೆಗೆ ಏರಿದರೆ 20, ಹತ್ತಕ್ಕೂ ಹೆಚ್ಚು ಏರಿದರೆ ಅಥವಾ ಪೂರ್ತಿ ಅಂಕ ಬಂದರೆ 30. ಗುಂಪಿನ ಸರಾಸರಿ ಗೋಡೆಯ ಮೇಲೆ. ಸರಾಸರಿ 45 ಇದ್ದವಳು 58 ತೆಗೆದರೆ ಗುಂಪಿಗೆ 30 ತರುತ್ತಾಳೆ, 90 ಇದ್ದವನು 92 ತೆಗೆದರೆ 20 ತರುತ್ತಾನೆ. ಹಿಂದಿನ ಬೆಂಚಿನವರಿಗೆ ಕಲಿಸಲು ಮುಂದಿನ ಬೆಂಚಿನವರು ತಾವಾಗಿ ಮುಂದೆ ಬರುವುದು ಇದರಿಂದಲೇ.

"ನಮ್ಮ ಹುಡುಗ ಬ್ಯಾರೆಯವರಿಗೆ ಹೇಳಿಕೊಟ್ಕೋತ ಕುಂತ್ರ ಅವನ ಅಭ್ಯಾಸ ಯಾವಾಗ್ರಿ ಸರ್?" ಎಂದು ಪಾಲಕರು ಕೇಳುತ್ತಾರೆ. ಕಾರಣ ಸಮೇತ ಬಿಡಿಸಿ ಹೇಳುವವರಿಗೆ ಲಾಭ ಹೆಚ್ಚು ಎಂಬುದನ್ನು ಶಿಕ್ಷಣ ಸಂಶೋಧಕಿ ನೊರೀನ್ ವೆಬ್ ಅವರ ಅಧ್ಯಯನಗಳು ತೋರಿಸಿವೆ. ಬರೀ ಉತ್ತರ ಹೇಳಿಬಿಟ್ಟರೆ ಆ ಲಾಭ ಇಲ್ಲ. ಹೀಗಾಗಿ "ಉತ್ತರ ಹೇಳಬ್ಯಾಡ, ಯಾಕ ಹಂಗ ಅಂತ ಹೇಳು" ಎಂಬುದೇ ನಮ್ಮ ತರಗತಿಯ ನಿಯಮ.

ಗೈರುಹಾಜರಿ ಇಲ್ಲಿನ ದೊಡ್ಡ ತೊಡಕು. ಎರಡನೇ ದಿನ ಕಳೆ ಹಾಳೆಯವನು ಬರದಿದ್ದರೆ ಆ ಐದು ನಿಮಿಷಕ್ಕೆ ಅವನ ಗುಂಪನ್ನು ಪಕ್ಕದ ಗುಂಪಿನೊಂದಿಗೆ ಸೇರಿಸುತ್ತೇನೆ. ಹತ್ತಿ ಬಿಡಿಸುವ ಕಾಲ, ತೊಗರಿ ರಾಶಿಯ ಡಿಸೆಂಬರ್–ಜನವರಿಯಲ್ಲಿ ಜಿಗ್ಸಾ ಹಿಡಿಯುವುದೇ ಇಲ್ಲ. ಆಗ ಯೋಚಿಸು, ಜೋಡಿಯಲ್ಲಿ ಮಾತಾಡು, ಎಲ್ಲರಿಗೆ ಹೇಳು ಎಂಬ ಸರಳ ಕ್ರಮ ಸಾಕು. ಯಾರು ಬಂದರೂ ಜೋಡಿ ಆಗುತ್ತದೆ.

ಬಿ.ಎಡ್. ಪ್ರಶಿಕ್ಷಣಾರ್ಥಿಗಳ ಆನ್‌ಲೈನ್ ಕೋರ್ಸಿನಲ್ಲೂ ಬುಡ ಇದೇ, ಹೊರಗಿನ ಏರ್ಪಾಡು ಬೇರೆ. ಗುಂಪು ಐವರದ್ದು, ಏಕೆಂದರೆ ಒಬ್ಬರ ನೆಟ್ ಹೋದರೂ ನಾಲ್ವರು ಉಳಿಯುತ್ತಾರೆ. ಮೀಟಿಂಗ್ ಒಳಗಿನ ಚಿಕ್ಕ ಕೋಣೆಗಳಿಗೆ ಕಳಿಸುವ ಮುಂಚೆ ಕೆಲಸ ಏನೆಂಬುದು ಅವರ ಹಂಚಿಕೊಂಡ ಡಾಕ್ಯುಮೆಂಟಿನಲ್ಲಿ ಇರಬೇಕು. ಇಲ್ಲದಿದ್ದರೆ ಒಳಗೆ ಹೋದ ಮೇಲೆ ಮೊದಲ ಐದು ನಿಮಿಷ "ಏನ್ ಮಾಡಬೇಕಂತ?" ಎಂಬುದರಲ್ಲೇ ಹೋಗುತ್ತದೆ. ನೇರ ತರಗತಿಗೆ ಬರಲಾಗದವರಿಗೆ ವಾಟ್ಸಾಪ್‌ನಲ್ಲಿ ಎರಡು ನಿಮಿಷದ ಧ್ವನಿ ಸಂದೇಶ. ಮಂಗಳವಾರ ರಾತ್ರಿಯೊಳಗೆ ವಿವರಣೆ, ಬುಧವಾರ ಪ್ರಶ್ನೆ, ಗುರುವಾರ ಉತ್ತರ. ಗಡುವು ಒಂದೇ ಇಟ್ಟರೆ ಎಲ್ಲರೂ ಕೊನೆಯ ರಾತ್ರಿ ಹಾಕುತ್ತಾರೆ, ಯಾರದನ್ನೂ ಯಾರೂ ಕೇಳುವುದಿಲ್ಲ.

ಒಬ್ಬರ ಕೆಲಸವನ್ನು ಇನ್ನೊಬ್ಬರು ಅಳೆಯಲು ಆನ್‌ಲೈನ್ ಕಲಿಕೆಯ ತಂತ್ರಾಂಶ ಮೂಡಲ್‌ನ ವರ್ಕ್‌ಶಾಪ್ ಚಟುವಟಿಕೆ ಒಳ್ಳೆಯದು: ಬರೆದದ್ದಕ್ಕೆ ಒಂದು ಅಂಕ, ಬೇರೆಯವರದನ್ನು ಅಳೆದದ್ದಕ್ಕೆ ಇನ್ನೊಂದು ಅಂಕ ಬರುತ್ತದೆ. ಆದರೆ "ಹತ್ತಕ್ಕೆ ಎಷ್ಟು?" ಎಂದು ಕೇಳಿದರೆ ಗೆಳೆತನಕ್ಕೆ ಎಲ್ಲರೂ ಒಂಬತ್ತು ಕೊಡುತ್ತಾರೆ. "ಉದಾಹರಣೆ ಸ್ಥಳೀಯವೇ? ಕಾರಣ ಹೇಳಿದ್ದಾರೆಯೇ? ಎಲ್ಲಿ ಅರ್ಥವಾಗಲಿಲ್ಲ, ಆ ವಾಕ್ಯ ನಕಲಿಸಿ" ಎಂದು ಕೇಳಿ. ವಾಕ್ಯ ನಕಲಿಸಬೇಕೆಂದರೆ ಓದಲೇಬೇಕು.